ನಿದ್ದೆ ಚೆನ್ನಾಗಿದೆ, ಆದರೂ ಮುಖ ನಿದ್ದೆಗೆಟ್ಟಂತೆ ಯಾಕೆ?

ಪ್ರಶ್ನೆ: ನನಗೆ 38 ವರ್ಷ. ರಾತ್ರಿ ಏಳೆಂಟು ಗಂಟೆ ನಿದ್ದೆ ಮಾಡುತ್ತೇನೆ. ಆದರೂ ಆಫೀಸಿನಲ್ಲಿ ದಿನಾ ಯಾರಾದರೊಬ್ಬರು ‘ಯಾಕೆ, ರಾತ್ರಿ ನಿದ್ದೆ ಇಲ್ವಾ?’ ಎಂದು ಕೇಳುತ್ತಾರೆ. ಕಣ್ಣಿನ ಕೆಳಗೆ ಕಪ್ಪಾಗಿದೆ. ಬೆಳಿಗ್ಗೆ ಸ್ವಲ್ಪ ಊದಿಕೊಂಡೂ ಇರುತ್ತದೆ. ಮೂರು ಬಗೆಯ ಕ್ರೀಮ್ ಹಚ್ಚಿ ನೋಡಿದೆ, ಏನೂ ಆಗಲಿಲ್ಲ. ಏನು ಮಾಡಲಿ?

ಉತ್ತರ: ಮೂರು ಕ್ರೀಮ್ ಹಚ್ಚಿದಿರಿ. ಆದರೆ ಆ ಕಪ್ಪು ಎಲ್ಲಿಂದ ಬಂತು ಎಂದು ಯಾರೂ ನೋಡಿಲ್ಲ, ಅಲ್ವಾ? ನನ್ನ ಹತ್ತಿರ ಬರುವ ಹೆಚ್ಚಿನವರ ಕಥೆ ಇದೇ.

ಮೊದಲು ನಿಮ್ಮ ಸಹೋದ್ಯೋಗಿಗಳ ವಿಷಯ. ಅವರು ಸುಮ್ನೆ ಕೇಳುತ್ತಿಲ್ಲ. 2013ರಲ್ಲಿ ಸ್ವೀಡನ್ನಿನಲ್ಲಿ ಒಂದು ಪ್ರಯೋಗ ನಡೆಯಿತು. 10 ಜನರ ಫೋಟೊಗಳನ್ನು ಚೆನ್ನಾಗಿ ಮಲಗಿ ಎದ್ದಾಗ ಒಮ್ಮೆ, 31 ಗಂಟೆ ನಿದ್ದೆಯಿಲ್ಲದೆ ಇದ್ದಾಗ ಇನ್ನೊಮ್ಮೆ ತೆಗೆದರು. ಯಾವುದು ಯಾವಾಗಿನದು ಎಂದು ಹೇಳದೆ 40 ಜನರಿಗೆ ತೋರಿಸಿದರು. ನಿದ್ದೆಗೆಟ್ಟ ಮುಖಗಳಲ್ಲಿ ಅವರಿಗೆ ಕಂಡದ್ದು ಇಷ್ಟು: ಜೋತ ರೆಪ್ಪೆ, ಕೆಂಪು ಕಣ್ಣು, ಊತ, ಕಣ್ಣಿನ ಕೆಳಗೆ ಕಪ್ಪು, ಬಿಳಚಿದ ಚರ್ಮ, ಕೆಳಗಿಳಿದ ಬಾಯಿಯ ಅಂಚು. ನಾವೆಲ್ಲ ಸುಸ್ತನ್ನು ಗುರುತಿಸುವುದು ಈ ಗುರುತುಗಳಿಂದಲೇ. ಇವುಗಳಲ್ಲಿ ಒಂದೆರಡು ನಿಮ್ಮ ಮುಖದಲ್ಲಿ ಬೇರೆ ಕಾರಣಕ್ಕೆ ಇದ್ದರೂ, ನೋಡುವವರು ಓದಿಕೊಳ್ಳುವುದು ‘ನಿದ್ದೆ ಇಲ್ಲ’ ಎಂದೇ.

ಈಗ ಹಗಲು ಬೆಳಕಿರುವ ಕಡೆ ಒಂದು ಕೈಗನ್ನಡಿ ಹಿಡಿದು ನಿಲ್ಲಿ. ಮುಖವನ್ನು ನಿಧಾನವಾಗಿ ಮೇಲಕ್ಕೆತ್ತಿ, ಬೆಳಕು ನೇರ ಕಣ್ಣಿನ ಕೆಳಗೆ ಬೀಳಲಿ. ಕಪ್ಪು ಬಹುಪಾಲು ಮಾಯವಾಯಿತೇ? ಹಾಗಾದರೆ ಅದು ನೆರಳು. ಮಾಯವಾಗದಿದ್ದರೆ ಕಣ್ಣಿನ ಕೆಳಗಿನ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಎಳೆಯಿರಿ. ನೀಲಿ ಅಥವಾ ನೇರಳೆ ಛಾಯೆ ಇನ್ನೂ ಎದ್ದು ಕಂಡರೆ ಒಳಗಿನ ರಕ್ತನಾಳ ಕಾಣುತ್ತಿದೆ ಎಂದರ್ಥ. ಕಂದು ಬಣ್ಣ ಇದ್ದ ಹಾಗೇ ಇದ್ದು ಚರ್ಮದ ಜೊತೆ ಸರಿದರೆ, ಬಣ್ಣ ಚರ್ಮದಲ್ಲೇ ಇದೆ. ಅನೇಕರಿಗೆ ಎರಡು ಸೇರಿಕೊಂಡಿರುತ್ತವೆ. ಒಂದಕ್ಕೆ ಆಗುವ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ನೆರಳಿಗೆ ಕ್ರೀಮ್ ಹಚ್ಚಿದರೆ ಏನು ಬಂತು?

ರಕ್ತನಾಳದ ನೀಲಿಯಿಂದ ಶುರು ಮಾಡೋಣ. ದೇಹದಲ್ಲೇ ಅತಿ ತೆಳು ಚರ್ಮ ಇರುವುದು ರೆಪ್ಪೆಯ ಮೇಲೆ, ಸುಮಾರು ಅರ್ಧ ಮಿಲಿಮೀಟರ್. ಹಾಗಾಗಿ ಒಳಗಿನದು ಹೊರಗೆ ಕಾಣುತ್ತದೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಟ್ಟರೆ ರಕ್ತನಾಳ ಕುಗ್ಗಿ ಬಣ್ಣ ಸ್ವಲ್ಪ ತಿಳಿಯಾಗುತ್ತದೆ. ಕೆಫೀನ್ ಇರುವ ಜೆಲ್ ಮಾಡುವುದೂ ಇದೇ ಕೆಲಸ. ಎರಡೂ ಕೆಲವು ಗಂಟೆಗಳ ಮಾತು. ಸೌತೆಕಾಯಿ ಬಿಲ್ಲೆಯ ಗುಟ್ಟೂ ಅದರ ತಂಪಿನಲ್ಲೇ ಇದೆ.

ಒಂದು ವಿಷಯ ನೀವು ಬರೆದಿಲ್ಲ: ಆಗಾಗ ಮೂಗು ಕಟ್ಟುತ್ತದೆಯೇ? ಬೆಳಿಗ್ಗೆ ಎದ್ದಕೂಡಲೇ ಸೀನು, ಕಣ್ಣು ತುರಿಕೆ? ಅಲರ್ಜಿಯಿಂದ ಮೂಗಿನ ಒಳಭಾಗ ಊದಿಕೊಂಡರೆ ಕಣ್ಣಿನ ಕೆಳಗಿನ ರಕ್ತ ಸರಾಗವಾಗಿ ಹಿಂದಿರುಗುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಕಪ್ಪೂ ಊತವೂ ಒಟ್ಟಿಗೆ ಬರುತ್ತವೆ. ತುರಿಕೆಗೆ ಕಣ್ಣು ಉಜ್ಜಿದರೆ ಚರ್ಮದ ಬಣ್ಣವೂ ಗಾಢವಾಗುತ್ತದೆ. ಇಂಥವರಿಗೆ ಕಣ್ಣಿನ ಕ್ರೀಮಿಗಿಂತ ಮೂಗಿನ ಸ್ಪ್ರೇಯೇ ಹೆಚ್ಚು ಉಪಕಾರ ಮಾಡಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಯಾವ ಸ್ಪ್ರೇ, ಎಷ್ಟು ದಿನ ಎಂಬುದನ್ನು ಮಾತ್ರ ಡಾಕ್ಟರನ್ನು ಕೇಳಿ. ಮೂಗು ಬಿಡಿಸುವ ಕೆಲವು ಸ್ಪ್ರೇಗಳನ್ನು ವಾರಗಟ್ಟಲೆ ಬಳಸಿದರೆ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ.

ಕಂದು ಬಣ್ಣದ ಕಪ್ಪು ಹಟಮಾರಿ. ಮನೆತನದಿಂದ ಬಂದದ್ದಾದರೆ ತಿಳಿಯಾಗಬಹುದು, ಪೂರ್ತಿ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬಿಸಿಲಿನಿಂದ ಕಾಪಾಡುವುದು. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಬೇಕು. ಜಿಂಕ್ ಆಕ್ಸೈಡ್ ಇರುವುದು ಕಣ್ಣಿಗೆ ಕಡಿಮೆ ಉರಿ. ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ್ದೇ ಸಿಕ್ಕರೆ ಇನ್ನೂ ಒಳ್ಳೆಯದು, ಕಣ್ಣಿಗೆ ಕಾಣುವ ಬೆಳಕಿನಿಂದ ಆಗುವ ಕಪ್ಪನ್ನೂ ಅದು ತಡೆಯುತ್ತದೆ. ರಾತ್ರಿಗೆ ಕಡಿಮೆ ಶಕ್ತಿಯ ರೆಟಿನಾಲ್ (ವಿಟಮಿನ್ ಎ ಬಗೆಯ ಕ್ರೀಮ್) ಬಳಸಬಹುದು. ಮೊದಲು ವಾರಕ್ಕೆ ಎರಡೇ ದಿನ, ಎರಡೂ ಕಣ್ಣಿಗೆ ಸೇರಿ ಒಂದು ಬಟಾಣಿ ಕಾಳಿಗಿಂತ ಕಡಿಮೆ. ರೆಪ್ಪೆಯ ಮೇಲೆ ಬೇಡ, ಕಣ್ಣಿನ ಕೆಳಗೆ ಮೂಳೆ ಸಿಗುವ ಕಡೆ ಹಚ್ಚಿ. ಗರ್ಭಿಣಿಯರು ರೆಟಿನಾಲ್ ಬಳಸಬಾರದು. ಫಲಿತಾಂಶಕ್ಕೆ ಎರಡು ಮೂರು ತಿಂಗಳಾದರೂ ಕಾಯಬೇಕು. ನಿಂಬೆರಸ, ಟೂತ್‌ಪೇಸ್ಟ್ ಬೇಡವೇ ಬೇಡ. ಉರಿ ಬಂದ ಚರ್ಮ ಇನ್ನಷ್ಟು ಕಪ್ಪಾಗುತ್ತದೆ.

ಹಾಗೆಯೇ, ಗ್ಲಾಕೋಮಾಕ್ಕೆ (ಕಣ್ಣಿನ ನರ ಹಾಳಾಗುವ ಕಾಯಿಲೆ) ಹಾಕುವ ಕೆಲವು ಡ್ರಾಪ್ಸ್‌ನಿಂದ ಕಣ್ಣಿನ ಸುತ್ತ ಕಪ್ಪಾಗಿ, ಕಣ್ಣು ಗುಳಿ ಬಿದ್ದಂತೆ ಕಾಣಬಹುದು. ಹಾಗೆಂದು ಡ್ರಾಪ್ಸ್ ನಿಲ್ಲಿಸಬೇಡಿ, ದೃಷ್ಟಿಯೇ ಹೋಗಬಹುದು. ಬದಲಿ ಇದೆಯೇ ಎಂದು ಡಾಕ್ಟರನ್ನು ಕೇಳಿ.

ನೆರಳು ಎಂದಾದರೆ ಮಾತು ಚಿಕ್ಕದು. ಕಣ್ಣಿಗೂ ಕೆನ್ನೆಗೂ ನಡುವೆ ತೋಡು ಬಿದ್ದಿದೆ, ಅಥವಾ ಒಳಗಿನ ಕೊಬ್ಬು ಮುಂದೆ ಬಂದು ಉಬ್ಬಿದೆ. ಯಾವ ಕ್ರೀಮೂ ಇದನ್ನು ತುಂಬುವುದಿಲ್ಲ. ಮೇಕಪ್ ಮಾಡುವುದಾದರೆ ಕನ್ಸೀಲರನ್ನು ಉಬ್ಬಿನ ಮೇಲೆ ಬಳಿಯಬೇಡಿ, ಅದರ ಕೆಳಗಿನ ಗೆರೆಗೆ ಮಾತ್ರ ಹಚ್ಚಿ. ಫಿಲ್ಲರ್, ಅಂದರೆ ತೋಡು ತುಂಬುವ ಜೆಲ್, ಚುಚ್ಚಿಸಿಕೊಳ್ಳುವವರು ಇದ್ದಾರೆ. ತಪ್ಪಿ ಅದು ರಕ್ತನಾಳದೊಳಗೆ ಹೋದರೆ ದೃಷ್ಟಿ ಹೋಗಬಹುದು. ಅಪರೂಪ, ಆದರೆ ಆಗಿದೆ. ಹಾಗಾಗಿ ಬ್ಯೂಟಿ ಪಾರ್ಲರಿನಲ್ಲಿ ಬೇಡ. ಡಾಕ್ಟರ ಹತ್ತಿರವೂ ‘ಇದನ್ನು ಕರಗಿಸುವ ಹಯಲುರೊನಿಡೇಸ್ ಈಗ ಇಲ್ಲೇ ಇದೆಯಾ?’ ಎಂದು ಕೇಳಿಯೇ ಮುಂದುವರಿಯಿರಿ. ಉಬ್ಬು ತುಂಬಾ ಇದ್ದರೆ ಶಸ್ತ್ರಚಿಕಿತ್ಸೆ ಇದೆ.

ನಿಮ್ಮ ಬೆಳಗಿನ ಊತ ಮಧ್ಯಾಹ್ನದ ಹೊತ್ತಿಗೆ ಇಳಿದರೆ ಅದು ನೀರು. ರಾತ್ರಿ ಊಟದಲ್ಲಿ ಉಪ್ಪು ಕಡಿಮೆ ಮಾಡಿ, ತಲೆ ಸ್ವಲ್ಪ ಎತ್ತರಕ್ಕಿಟ್ಟು ಮಲಗಿ, ಮದ್ಯದ ಅಭ್ಯಾಸ ಇದ್ದರೆ ಕಡಿಮೆ ಮಾಡಿ. ದಿನವಿಡೀ ಒಂದೇ ಥರ ಇದ್ದರೆ ಕೊಬ್ಬಿನ ಉಬ್ಬು. ಊತದ ಜೊತೆ ಕಾಲೂ ಊದುತ್ತಿದ್ದರೆ, ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ ಕಿಡ್ನಿ ಪರೀಕ್ಷೆ ಮಾಡಿಸಿ. ತೂಕ ಏರಿ, ಚಳಿ ಜಾಸ್ತಿ ಆಗುತ್ತಿದ್ದರೆ ಥೈರಾಯ್ಡ್ ನೋಡಿಸಿ.

ಪ್ರಶ್ನೆ: ದಿನಾ ಹತ್ತು ಗಂಟೆ ಕಂಪ್ಯೂಟರ್ ಕೆಲಸ. ಸಂಜೆಗೆ ಕಣ್ಣು ಕೆಂಪು. ಕೆಂಪು ತೆಗೆಯುವ ಡ್ರಾಪ್ಸ್ ಹಾಕುತ್ತೇನೆ. ಮೊದಲು ದಿನಕ್ಕೊಮ್ಮೆ ಸಾಕಾಗುತ್ತಿತ್ತು, ಈಗ ನಾಲ್ಕು ಸಲ ಬೇಕು.

ಉತ್ತರ: ನಾಲ್ಕು ಸಲ ಬೇಕಾಗಿರುವುದು ಆ ಡ್ರಾಪ್ಸ್‌ನಿಂದಲೇ ಇರಬಹುದು. ಇಂಥ ಬಹಳಷ್ಟು ಡ್ರಾಪ್ಸ್ ರಕ್ತನಾಳವನ್ನು ಬಲವಂತವಾಗಿ ಕುಗ್ಗಿಸುತ್ತವೆ. ಪರಿಣಾಮ ಇಳಿದ ಮೇಲೆ ಅವು ಹಿಗ್ಗಿ ಕೆಂಪು ಮತ್ತೆ ಬರುತ್ತದೆ, ನೀವು ಮತ್ತೆ ಹಾಕುತ್ತೀರಿ. ಅದನ್ನು ಬಿಡಿ. ಕೆಲವು ದಿನ ಕೆಂಪು ಹೆಚ್ಚೇ ಕಂಡೀತು, ಗಾಬರಿ ಬೇಡ. ನೋವಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ಮಾತ್ರ ಕಾಯದೆ ಕಣ್ಣಿನ ಡಾಕ್ಟರನ್ನು ನೋಡಿ.

ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ರೆಪ್ಪೆ ಮಿಟುಕಿಸುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಕಣ್ಣು ಒಣಗುವುದು ಇದರಿಂದ. ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರಿನ ಹನಿ ಹಾಕಿ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿಡಿ, ರೆಪ್ಪೆ ಅರ್ಧ ಮುಚ್ಚಿರುತ್ತದೆ. 20 ನಿಮಿಷಕ್ಕೊಮ್ಮೆ ದೂರಕ್ಕೆ ನೋಡಿ. ಎಸಿ ಗಾಳಿ ನೇರ ಮುಖಕ್ಕೆ ಬೀಸದಿರಲಿ. ಒಂದು ತಮಾಷೆ ನೋಡಿ: ಊತಕ್ಕೆ ತಣ್ಣನೆಯ ಬಟ್ಟೆ, ಒಣಗಿದ ಕಣ್ಣಿಗೆ ಬೆಚ್ಚನೆಯದು. ಬಿಸಿಗೆ ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳು ತೆರೆದುಕೊಳ್ಳುತ್ತವೆ.

ಪ್ರಶ್ನೆ: ನನ್ನ ಅಮ್ಮನಿಗೆ 64. ಈಚೆಗೆ ಬಲಗಣ್ಣಿನ ರೆಪ್ಪೆ ಜೋತಿದೆ, ಸದಾ ತೂಕಡಿಸುವಂತೆ ಕಾಣುತ್ತಾರೆ. ವಯಸ್ಸಾಯಿತು ಎಂದು ಬಿಡಬಹುದೇ?

ಉತ್ತರ: ತೋರಿಸದೆ ಬಿಡಬೇಡಿ. ಒಂದೆರಡು ದಿನದಲ್ಲೇ ಜೋತು ಬಿದ್ದಿದ್ದರೆ, ಜೊತೆಗೆ ಎರಡೆರಡು ಕಾಣುತ್ತಿದ್ದರೆ, ಜೋರು ತಲೆನೋವಿದ್ದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದೋ ಚಿಕ್ಕದೋ ಆಗಿದ್ದರೆ ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಿದುಳಿನ ರಕ್ತನಾಳದ ತೊಂದರೆ ಹೀಗೆ ಕಾಣಿಸಿಕೊಳ್ಳಬಹುದು. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಜೋತರೆ ಮಯಸ್ತೇನಿಯಾ ಎಂಬ ಸ್ನಾಯು ದೌರ್ಬಲ್ಯದ ಕಾಯಿಲೆಯ ಪರೀಕ್ಷೆ ಬೇಕಾಗುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಇಳಿದದ್ದಾದರೆ ರೆಪ್ಪೆ ಎತ್ತುವ ಸ್ನಾಯುವಿನ ಹಿಡಿತ ಸಡಿಲವಾಗಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಇದೆ, ಅವಸರವಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಅಮ್ಮನ ನಾಲ್ಕೈದು ಹಳೇ ಫೋಟೊ ತೆಗೆದುಕೊಂಡು ಹೋಗಿ. ‘ಈಚೆಗೆ’ ಎಂದು ನಮಗೆ ಅನಿಸಿದ್ದು ಎಷ್ಟೋ ಸಲ ಹತ್ತು ವರ್ಷದ ಹಿಂದಿನ ಮದುವೆ ಫೋಟೊದಲ್ಲೇ ಇರುತ್ತದೆ.