ಆ ಬೋನುಗಳನ್ನು ಕೆಡವಬೇಡಿ

ಓದುಗರ ಪತ್ರ: ನಾವು ಲಾಸ್ ಏಂಜಲೀಸ್‌ನಲ್ಲಿರುವ ಬೆಂಗಳೂರಿನವರು. ಹೋದ ಭಾನುವಾರ ಎರಡು ಮನೆಯವರು ಸೇರಿ ಗ್ರಿಫಿತ್ ಪಾರ್ಕಿಗೆ ಹೋಗಿದ್ದೆವು. ಅಲ್ಲಿ ಎಂದೋ ಮುಚ್ಚಿಹೋದ ಹಳೇ ಝೂ ಇದೆ. ಕರಡಿಗಳಿದ್ದ ಗುಹೆಗಳಲ್ಲಿ ಈಗ ಊಟದ ಮೇಜು ಹಾಕಿದ್ದಾರೆ. ಚಿತ್ರಾನ್ನದ ಡಬ್ಬಿ ಬಿಚ್ಚಿದೆವು, ನನಗೆ ತುತ್ತು ಇಳಿಯಲಿಲ್ಲ. ಎದ್ದು ಮರದ ನೆರಳಿಗೆ ಹೋದೆವು. ಮೂಕಪ್ರಾಣಿಗಳ ಜೈಲನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ? ಕೆಡವಿ ಗಿಡ ನೆಡಬಾರದೇ?

ಸಂಪಾದಕರ ಉತ್ತರ: ತುತ್ತು ಇಳಿಯಲಿಲ್ಲ ಅಂದಿರಲ್ಲ, ಆ ಒಂದು ಮಾತಿಗೆ ನಿಮ್ಮ ಪತ್ರವನ್ನು ಇಡೀ ರಾಶಿಯಿಂದ ಎತ್ತಿ ಇಟ್ಟುಕೊಂಡೆ. ಆದರೆ ಕೆಡವಿ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ನಿಮ್ಮ ಕಡೆಗೂ ನ್ಯಾಯ ಇದೆ. ಪಾಳುಬಿದ್ದ ಜಾಗ ಅಂದರೆ ಗೋಡೆ ತುಂಬಾ ಗೀಚು, ಒಡೆದ ಬಾಟಲಿ, ಮಕ್ಕಳು ಕಾಲು ಜಾರಿಸಿಕೊಳ್ಳುವ ಮೆಟ್ಟಿಲು. ಅದನ್ನು ಕಾಯುವುದಕ್ಕೂ ದುಡ್ಡು ಬೇಕು. ಸರಿ.

ಈಗ ಆ ಜಾಗದ ಕಥೆ ನೋಡಿ. ಗ್ರಿಫಿತ್ ಅನ್ನುವ ಸಾಹುಕಾರ 1896ರಲ್ಲಿ ಊರಿಗೆ ದಾನ ಕೊಟ್ಟಿದ್ದು 3,000 ಎಕರೆಗೂ ಜಾಸ್ತಿ ಗುಡ್ಡಗಾಡು. ಅದರಲ್ಲಿ ಒಂದು ಮೂಲೆಯಲ್ಲಿ 1912ರಲ್ಲಿ ಝೂ ಶುರುವಾಯಿತು. ನೀವು ಕೂತಿದ್ದ ಗುಹೆಗಳು 1930ರ ದಶಕದವು. ಕೆಲಸವಿಲ್ಲದೆ ಜನ ಕಂಗಾಲಾಗಿದ್ದ ಕಾಲ ಅದು, ಅವರ ಹೊಟ್ಟೆಪಾಡಿಗೆ ಅಂತ ಸರ್ಕಾರ ತಂದ ಕಾಮಗಾರಿಯಲ್ಲಿ ಕಟ್ಟಿದ್ದು. 1966ರಲ್ಲಿ ಸ್ವಲ್ಪ ದೂರದಲ್ಲೇ ಹೊಸ ಝೂ ತೆರೆದು ಪ್ರಾಣಿಗಳನ್ನು ಅಲ್ಲಿಗೆ ಸಾಗಿಸಿದರು. ಹಳೆಯದು ಹಾಗೇ ನಿಂತಿತು. 3,000 ಎಕರೆಯಲ್ಲಿ ಕರಡಿಯ ಪಾಲಿಗೆ ಬಂದಿದ್ದು ಆ ಗುಹೆ ಅಷ್ಟೇ. ಅದನ್ನು ನೆಲಸಮ ಮಾಡಿ ಹೂವಿನ ಗಿಡ ನೆಟ್ಟರೆ ಈ ಲೆಕ್ಕ ಯಾರಿಗೆ ಗೊತ್ತಾಗುತ್ತೆ?

ನೀವು ಗುಹೆಯ ಹಿಂದಕ್ಕೆ ಹೋಗಲಿಲ್ಲ ಅನಿಸುತ್ತೆ, ಅದೇ ನನಗೆ ಬೇಜಾರು. ಮುಂಭಾಗ ನೋಡಿದರೆ ದೊಡ್ಡ ಬಂಡೆ, ಗವಿ, ಪರವಾಗಿಲ್ಲ ಅನಿಸುತ್ತೆ. ಅದು ನೋಡುವವರಿಗೆ ಅಂತ ಮಾಡಿದ್ದು. ಹಿಂದೆ ಕಡಿದಾದ ಇಕ್ಕಟ್ಟು ಮೆಟ್ಟಿಲು ಇವೆ, ಒಬ್ಬರು ಹೋಗುವಷ್ಟೇ ಅಗಲ. ಹತ್ತಿದರೆ ಕಬ್ಬಿಣದ ಬಾಗಿಲು, ಕಂಬಿ, ಕತ್ತಲು ತುಂಬಿದ ಪುಟ್ಟ ಕೋಣೆ. ಝೂ ನೋಡಲು ಬಂದವರ ಕಣ್ಣಿಗೆ ಆಗ ಬೀಳದಿದ್ದ ಭಾಗ ಇದು. ಝೂ ನಡೆಯುತ್ತಿದ್ದಾಗ ಕಾಣದ್ದು ಮುಚ್ಚಿದ ಮೇಲೆ ಕಾಣುತ್ತಿದೆ. ಇಂಥದ್ದನ್ನು ಕೆಡವು ಅನ್ನುತ್ತೀರಲ್ಲ!

ಅದೇ ಪಾರ್ಕಿನಲ್ಲಿ ಮೊನ್ನೆ ಮೊನ್ನೆವರೆಗೂ ಒಂದು ಗಂಡು ಪ್ಯೂಮಾ (ಅಮೆರಿಕದ ದೊಡ್ಡ ಕಾಡುಬೆಕ್ಕು) ಇತ್ತು, ಪಿ-22 ಅಂತ ಹೆಸರು. ಎರಡು ದೊಡ್ಡ ಹೆದ್ದಾರಿಗಳನ್ನು ದಾಟಿ ಬಂದು ಸೇರಿಕೊಂಡಿತ್ತು ಅನ್ನುತ್ತಾರೆ. 2012ರಲ್ಲಿ ಮೊದಲು ಕ್ಯಾಮೆರಾಗೆ ಸಿಕ್ಕಿತು, ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿದರು, ಹತ್ತು ವರ್ಷ ಒಂಟಿಯಾಗಿ ಬದುಕಿತು. ಕೊನೆಗೆ ಗಾಯ, ಕಾಯಿಲೆ ಜಾಸ್ತಿಯಾಗಿ 2022ರ ಡಿಸೆಂಬರಿನಲ್ಲಿ ದಯಾಮರಣ ಕೊಡಬೇಕಾಯಿತು. ಇಡೀ ಪಾರ್ಕ್ ಅದರದ್ದೇ ಆಗಿತ್ತು, ಆದರೂ ವಯಸ್ಸಿಗೆ ಬಂದ ಗಂಡು ಪ್ಯೂಮಾಗೆ ಅಷ್ಟು ಜಾಗ ತೀರಾ ಕಮ್ಮಿ ಅಂತಲೇ ವಿಜ್ಞಾನಿಗಳು ಹೇಳುತ್ತಿದ್ದರು. ಗುಡ್ಡಗುಡ್ಡವೇ ಸಾಲದ ಪ್ರಾಣಿ ಅದು. ಇನ್ನು ಆ ಬೋನುಗಳ ಸಾಲಿನ ಮುಂದೆ ನಿಂತು ಯೋಚಿಸಿ, ನಿಮ್ಮ ಮಕ್ಕಳಿಗೂ ಹೇಳಿ.

ನಾವು ಚಿಕ್ಕವರಿದ್ದಾಗ ಕರಡಿ ಆಡಿಸುವವರು ಬೀದಿಗೆ ಬರುತ್ತಿದ್ದರು. ಮೂಗಿಗೆ ಹಗ್ಗ ಪೋಣಿಸಿರುತ್ತಿದ್ದರು. ಮಕ್ಕಳಿಗೆ ಭಯ ಹೋಗಲಿ ಅಂತ ಅದರ ಬೆನ್ನ ಮೇಲೆ ಕೂರಿಸುವುದು, ಕರಡಿ ಕೂದಲನ್ನು ತಾಯಿತಕ್ಕೆ ಹಾಕಿಸುವುದು, ಎಲ್ಲಾ ಇತ್ತು. 2009ರಲ್ಲಿ ಕೊನೆಯ ಕುಣಿಯುವ ಕರಡಿಯನ್ನು ಬಿಡಿಸಿ ನಮ್ಮ ಬನ್ನೇರುಘಟ್ಟಕ್ಕೇ ತಂದರು. ತುಂಬಾ ಒಳ್ಳೆಯದಾಯಿತು. ಆದರೆ ಇವತ್ತಿನ ಮಕ್ಕಳಿಗೆ ಇದನ್ನು ಹೇಳಿದರೆ ಸುಮ್ನೆ ಕಟ್ಟಿದ ಕಥೆ ಅಂದುಕೊಳ್ಳುತ್ತಾರೆ. ತೋರಿಸಲು ಏನೂ ಉಳಿದಿಲ್ಲ ನೋಡಿ.

ನಮ್ಮ ಊರುಗಳ ರೋಗವೇ ಇದು. ಅರಮನೆ, ಕೋಟೆ, ಗಾಜಿನ ಮನೆ ಉಳಿಸಿಕೊಳ್ಳುತ್ತೇವೆ. ನಾಚಿಕೆ ತರುವಂಥದ್ದು ಇದ್ದರೆ ಮೊದಲು ಜೆಸಿಬಿ ಬರುತ್ತೆ. ಮದ್ರಾಸಿನ ಹಳೇ ಝೂ ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲೇ ಇತ್ತು, ನೂರು ವರ್ಷಕ್ಕೂ ಮೀರಿ. ಅದರ ಬದಲಿಗೆ ಊರಾಚೆಯ ವಂಡಲೂರಿನಲ್ಲಿ ಹೊಸ ಝೂ 1985ರಲ್ಲಿ ತೆರೆಯಿತು. ಹಳೇ ಜಾಗದಲ್ಲಿ ಹುಲಿ ಬೋನಿನ ಗುರುತು ಏನಾದರೂ ಸಿಗುತ್ತದಾ ಅಂತ ಬಿಸಿಲಲ್ಲಿ ಅಲೆದಿದ್ದೇನೆ, ಒಂದು ಕಲ್ಲೂ ಸಿಗಲಿಲ್ಲ. ನಮ್ಮ ದೇಶದಲ್ಲಿ ಝೂಗಳ ಮೇಲೆ ಕಣ್ಣಿಡಲು ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದಿದ್ದೇ 1992ರಲ್ಲಿ. ಅದಕ್ಕೂ ಮುಂಚೆ ಎಂಥೆಂಥ ಬೋನುಗಳಲ್ಲಿ ಎಷ್ಟು ಪ್ರಾಣಿ ಬದುಕಿ ಸತ್ತವೋ, ಹೋಗಿ ನೋಡೋಣ ಅಂದರೆ ಹೆಚ್ಚಿನವು ಇಲ್ಲ.

ಮೇಡಂ, ನೀವು ಬೆಂಗಳೂರಿನವರು. ಫ್ರೀಡಂ ಪಾರ್ಕ್ ನೋಡಿರುತ್ತೀರಿ ಅಲ್ವಾ? ಹಳೇ ಸೆಂಟ್ರಲ್ ಜೈಲು ಅದು. ತುರ್ತು ಪರಿಸ್ಥಿತಿಯಲ್ಲಿ ಅಡ್ವಾಣಿಯವರಂಥ ನಾಯಕರನ್ನು ಕೂಡಿಹಾಕಿದ್ದ ಜಾಗ. 2008ರಲ್ಲಿ ಪಾರ್ಕ್ ಮಾಡುವಾಗ ಕಾವಲು ಗೋಪುರವನ್ನು, ಒಂದಷ್ಟು ಕೋಣೆಗಳನ್ನು ಉಳಿಸಿಕೊಂಡರು. ಜನ ಒಳಗೆ ಹೋಗಿ ನಿಂತು ನೋಡುತ್ತಾರೆ. ಈ ಊರು ಮಾಡಿದ ಅಪರೂಪದ ಒಳ್ಳೆ ಕೆಲಸ ಅಂತ ನಾನು ಯಾವಾಗಲೂ ಹೇಳುತ್ತೇನೆ. ಮನುಷ್ಯರ ಸೆರೆಮನೆಯನ್ನು ಉಳಿಸಬಹುದಾದರೆ ಕರಡಿಯದ್ದು ಯಾಕೆ ಬೇಡ?

ಮೇಜು ಬೇಕಾದರೆ ತೆಗೆಯಲಿ. ಆ ಗುಹೆಯಲ್ಲಿ ಹುಟ್ಟುಹಬ್ಬದ ಬಲೂನು ಕಟ್ಟುವುದು ನನಗೂ ಇಷ್ಟವಿಲ್ಲ. ಗೋಡೆ, ಕಂಬಿ, ಹಿಂದಿನ ಕೋಣೆ ಇರಲಿ. ಮುಂದಿನ ಸಲ ಹೋದಾಗ ಊಟ ಮರದ ಕೆಳಗೇ ಮಾಡಿ. ಆಮೇಲೆ ಮಕ್ಕಳನ್ನು ಆ ಮೆಟ್ಟಿಲು ಹತ್ತಿಸಿ, ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಎಷ್ಟು ಹೆಜ್ಜೆ ಅಂತ ಅವರೇ ಎಣಿಸಲಿ. ಎಣಿಸಿದ್ದನ್ನು ಅವರ ಕೈಯಲ್ಲೇ ಬರೆಸಿ ಕಳಿಸಿ, ಈ ಪುಟದಲ್ಲೇ ಹಾಕುತ್ತೇನೆ.