ವೆಲ್ಡರ್‌ಗೆ ಕೆನಡಾದ ಸಣ್ಣ ಊರು

ಪ್ರಶ್ನೆ: ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಎರಡು ವರ್ಷ ವೆಲ್ಡರ್ ಆಗಿದ್ದೆ. ಕಳೆದೊಂದು ವರ್ಷದಿಂದ ಸ್ವಂತ ಷೆಡ್ ಇದೆ. ಕೆನಡಾದ ಗ್ರಾಮೀಣ ವಲಸೆ ಯೋಜನೆಗೆ ನೇರವಾಗಿ ಅರ್ಜಿ ಹಾಕಬಹುದೇ? ಏಜೆಂಟ್ ಒಬ್ಬರು ಜಾಬ್ ಆಫರ್‌ಗೆ ಹಣ ಕೇಳುತ್ತಿದ್ದಾರೆ.

ಉತ್ತರ: ನೇರವಾಗಿ ಆಗದು. 2025ರ ಜನವರಿಯಲ್ಲಿ ಶುರುವಾದ ಈ ಯೋಜನೆ ಬ್ರಾಂಡನ್, ಥಂಡರ್ ಬೇ, ಮೂಸ್ ಜಾ ಸೇರಿ 14 ಕಡೆಗಳಿಗೆ ಸೀಮಿತ. ಮೊದಲು ಆ ಊರಿನ ಆದ್ಯತಾ ಪಟ್ಟಿಯಲ್ಲಿ ವೆಲ್ಡರ್ ಕೆಲಸ ಇದೆಯೇ ನೋಡಿ. ಪಟ್ಟಿ ಊರಿಂದೂರಿಗೆ ಬೇರೆ. ಅಲ್ಲಿ ಮಾನ್ಯತೆ ಪಡೆದ ಉದ್ಯೋಗದಾತರಿಂದಲೇ ವಾರಕ್ಕೆ ಕನಿಷ್ಠ 30 ಗಂಟೆಯ ಕಾಯಂ ಆಫರ್ ಬೇಕು. ಆಮೇಲೆ ಊರಿನ ಶಿಫಾರಸು, ಕೊನೆಗೆ ಪಿಆರ್ (ಕಾಯಂ ವಾಸದ ಅನುಮತಿ) ಅರ್ಜಿ.

ಹೆಚ್ಚಿನವರು ಎಡವುವುದು ಅನುಭವದ ಲೆಕ್ಕದಲ್ಲಿ. ಕಳೆದ 3 ವರ್ಷದೊಳಗೆ 1,560 ಗಂಟೆ ಬೇಕು, ಅದೂ ಕನಿಷ್ಠ 12 ತಿಂಗಳಲ್ಲಿ ಹರಡಿರಬೇಕು. ಸ್ವಂತ ಷೆಡ್ಡಿನ ದುಡಿಮೆ ಲೆಕ್ಕಕ್ಕಿಲ್ಲ! ಕಾರ್ಖಾನೆಯ ಗಂಟೆಗಳೇ ನಿಮ್ಮ ಬಂಡವಾಳ. ತಡಮಾಡಿದಷ್ಟೂ ಅವು ಅವಧಿಯಿಂದ ಜಾರುತ್ತವೆ. ಹುದ್ದೆಯ ಹೆಸರಷ್ಟೇ ಇರುವ ಅನುಭವ ಪತ್ರ ಸಾಲದು, ಕಾರ್ಖಾನೆಯಿಂದ ಕರ್ತವ್ಯ, ವಾರದ ಗಂಟೆ, ಸಂಬಳ ಎಲ್ಲ ಬರೆಸಿಕೊಳ್ಳಿ.

ವೆಲ್ಡರ್‌ಗೆ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 5 ಸಾಕು: ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಜನರಲ್‌ನಲ್ಲಿ ಓದಿಗೆ 4, ಉಳಿದ ಮೂರಕ್ಕೂ 5. ಅಕಾಡೆಮಿಕ್ ಪರೀಕ್ಷೆ ಬರೆದರೆ ಶುಲ್ಕ ದಂಡ. ನಿಮ್ಮ ಓದು ಕೆನಡಾದ ಯಾವ ಮಟ್ಟಕ್ಕೆ ಸಮ ಎಂದು ತಿಳಿಸುವ ಶಿಕ್ಷಣ ಮೌಲ್ಯಮಾಪನ ವರದಿ 5 ವರ್ಷದೊಳಗಿನದಿರಲಿ.

ಏಜೆಂಟ್‌ಗೆ ಬಿಡಿಗಾಸೂ ಕೊಡಬೇಡಿ. ಆಫರ್ ನಕಲಿಯಾದರೆ ಸುಳ್ಳು ಮಾಹಿತಿಯ ಆರೋಪದಲ್ಲಿ 5 ವರ್ಷ ನಿಷೇಧ ನಿಮಗೇ ಬೀಳಬಹುದು.