ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನಲ್ಲಿ ಗಣಿ ಕಾರ್ಮಿಕನೊಬ್ಬ ರಾಜಕಾರಣಿಯಾಗುತ್ತಿದ್ದದ್ದು ಹೇಗೆ?

ದಾರಿ ಒಂದೇ, ಯೂನಿಯನ್. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳ, ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು, ಒತ್ತಡಕ್ಕೆ ಬಂಡೆ ಸಿಡಿದು ಜೀವ ಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ಮನೆಯವರಿಗೆ 1923ರ ಕಾರ್ಮಿಕರ ಪರಿಹಾರ ಕಾಯ್ದೆಯಡಿ ಅರ್ಜಿ ಬರೆದುಕೊಟ್ಟು, ಬೆನ್ನು ಹತ್ತಿ ಹಣ ಕೊಡಿಸಿದವನೇ ನಾಯಕ. ಸಿಲಿಕೋಸಿಸ್ ಪ್ರಕರಣ ಇನ್ನೂ ಕಷ್ಟ: ದೂಳು ಶ್ವಾಸಕೋಶ ಕೆಡಿಸಲು ವರ್ಷಗಳೇ ಹಿಡಿಯುತ್ತವೆ, ಕಾಯಿಲೆ ಗಣಿಯಿಂದಲೇ ಬಂತೆಂದು ಸಾಬೀತುಪಡಿಸಬೇಕಿತ್ತು.

ಕಾರ್ಮಿಕರ ಸಾಲು ವಸತಿಗಳಾದ ಲೈನ್ ಮನೆಗಳು ಒತ್ತೊತ್ತಾಗಿದ್ದವು. ಪಾಳಿ ಮುಗಿಸಿ ಬಂದವರೆಲ್ಲ ಅಲ್ಲೇ ಸಿಗುತ್ತಿದ್ದರು, ಹಾಗಾಗಿ ಯೂನಿಯನ್ನಿನ ಚಂದಾದಾರರೇ ಚುನಾವಣೆಯಲ್ಲಿ ಮತದಾರರು.

ಹೋರಾಟದ ನೆನಪೂ ಗಟ್ಟಿಯಾಗಿತ್ತು. 1930ರಲ್ಲಿ ಬೆರಳಚ್ಚು ನೋಂದಣಿ ವಿರೋಧಿಸಿ ಮುಷ್ಕರ ನಡೆಯಿತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಕಾರ್ಮಿಕ ನಾಯಕರಾದ ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಬೆಳೆದದ್ದು ಆ ಕಾಲದ ಕಾರ್ಮಿಕ ಚಳವಳಿಯಲ್ಲೇ.

ಕರ್ನಾಟಕದ ಬೇರೆಡೆ ಅಪರೂಪವೆನಿಸುವ ಪಕ್ಷಗಳು ಇಲ್ಲಿ ಗೆದ್ದದ್ದು ಇದರಿಂದಲೇ. ಕಾರ್ಮಿಕರಲ್ಲಿ ತಮಿಳು ಮಾತಾಡುವ ದಲಿತರೇ ಹೆಚ್ಚು. ಹೀಗಾಗಿ 1999ರಲ್ಲಿ ಅಣ್ಣಾ ಡಿಎಂಕೆಯ ಎಂ. ಭಕ್ತವತ್ಸಲಂ, 2004ರಲ್ಲಿ ಅಂಬೇಡ್ಕರ್ ಹಾದಿಯ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್ ಶಾಸಕರಾದರು.

2001ರ ಫೆಬ್ರವರಿ 28ರಂದು ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್) ಮುಚ್ಚಿತು. ಚಂದಾ ನಿಂತಿತು, ಯುವಕರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. 2008ರಲ್ಲಿ ಕ್ಷೇತ್ರ ಬಿಜೆಪಿಗೆ, 2018ರಲ್ಲಿ ಕಾಂಗ್ರೆಸ್ಸಿಗೆ ಹೋಯಿತು.